ಇಬ್ಬರು ಬಾಲರಾಜರು
(ಯೌವನಸ್ಥರಿಗಾಗಿ ಪಾಠ. ಓದತಕ್ಕ ಭಾಗಗಳು: 2 ಪೂರ್ವಕಾಲವೃತ್ತಾಂತ 24 ಮತ್ತು 34ನೆಯ ಅಧ್ಯಾಯಗಳು)

ಈ ತಿಂಗಳ ಪಾಠವು ಯೆಹೂದ ದೇಶವನ್ನು ಆಳಿದ ಇಬ್ಬರು ಅರಸರನ್ನು ಕುರಿತದ್ದಾಗಿದೆ. ಇಬ್ಬರೂ ಹುಡುಗತನದಲ್ಲಿಯೇ ಸಿಂಹಾಸನವನ್ನು ಏರಿದವರು. ಯೋವಾಷನಿಗೆ ಆಗ 7 ವರುಷ, ಯೋಷೀಯನಿಗೆ 8 ವರುಷ. ಇವರ ಕಾಲಗಳ ನಡುವೆ ಸುಮಾರು 200 ವರುಷಗಳ ಅಂತರವಿದ್ದರೂ, ಹೆಸರುಗಳು ಕಿವಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಕೇಳಿಸುವದರಿಂದ ನಮ್ಮ ಸಭೆಗಳಲ್ಲಿ ಅನೇಕರು ಇವರಿಬ್ಬರನ್ನು ಒಬ್ಬನೇ ಎಂದು ಎಣಿಸುವದುಂಟು. ಆದಕಾರಣ ಮೊದಲು ಎರಡು ಅಧ್ಯಾಯಗಳನ್ನೂ ಒಂದೇ ಸಂಜೆ ಕುಳಿತು ನಿಧಾನವಾಗಿ ಓದಿರಿ. ಆಮೇಲೆ ಈ ಪಾಠವನ್ನು ಹಿಡಿಯಿರಿ.

ಯೋವಾಷನು ಹಾಲುಗೂಸಾಗಿದ್ದಾಗಲೇ ಅವನ ಪ್ರಾಣಕ್ಕೆ ಅಪಾಯ ಒದಗಿತು. ಅವನ ಅಜ್ಜಿಯಾದ ಅತಲ್ಯಳು ರಾಜ್ಯದ ಆಶೆಯಿಂದ ರಾಜವಂಶವನ್ನೆಲ್ಲಾ ಕೊಲ್ಲಿಸಿದಳು. ಆದರೆ ಯಾಜಕನಾದ ಯೆಹೋಯಾದನ ಹೆಂಡತಿಯು, ಕೂಸಿಗೆ ಸೋದರತ್ತೆಯಾದವಳು, ಅವನನ್ನೂ ಅವನ ದಾದಿಯನ್ನೂ ಗುಟ್ಟಾಗಿ ಎತ್ತಿಕೊಂಡು ಹೋಗಿ ಉಳಿಸಿದಳು. 6 ವರುಷಗಳ ಕಾಲ ಆ ಮಗುವನ್ನು ದೇವಾಲಯದಲ್ಲಿಯೇ ಅಡಗಿಸಿಟ್ಟು ಬೆಳೆಸಿದರು. ಇಂಥ ಬಾಲ್ಯವು ಯಾರಿಗೆ ದೊರಕೀತು! ಅವನು ಕಣ್ಣು ತೆರೆದಾಗ ಕಂಡದ್ದು ದೇವರ ಆಲಯ, ಕಿವಿಗೆ ಬಿದ್ದದ್ದು ಸ್ತುತಿಗೀತ, ಅನ್ನವಿಕ್ಕಿದವರು ದೇವಭಕ್ತರು. ಏಳನೆಯ ವರುಷದಲ್ಲಿ ಯೆಹೋಯಾದನು ಅವನಿಗೆ ಕಿರೀಟವನ್ನಿಟ್ಟು ಅರಸನನ್ನಾಗಿ ಮಾಡಿದನು. ಪ್ರಾಯ ಬಂದ ಮೇಲೆ ಹೆಣ್ಣುಗಳನ್ನು ನೋಡಿ ಮದುವೆ ಮಾಡಿಸಿದವನೂ ಅವನೇ.

ಯೋವಾಷನು ಸೋಮಾರಿಯಾದ ಭಕ್ತನಾಗಿದ್ದನೆಂದು ತಿಳಿಯಬಾರದು. ಅತಲ್ಯಳ ಕಡೆಯವರು ಹಾಳುಮಾಡಿದ್ದ ದೇವಾಲಯವನ್ನು ದುರಸ್ತಿ ಮಾಡಿಸಬೇಕೆಂಬ ಯೋಚನೆ ಹುಟ್ಟಿದ್ದು ಅವನ ಮನಸ್ಸಿನಲ್ಲಿ. ಯಾಜಕರೂ ಲೇವಿಯರೂ ಹಣ ಕೂಡಿಸುವದರಲ್ಲಿ ತಡಮಾಡಿದಾಗ, ತನ್ನನ್ನು ಸಾಕಿ ಬೆಳೆಸಿದ ಯೆಹೋಯಾದನನ್ನೇ ಕರೆಯಿಸಿ, ಈ ಆಲಸ್ಯವೇಕೆಂದು ಕೇಳಿದನು. ಬಳಿಕ ಒಂದು ಪೆಟ್ಟಿಗೆಯನ್ನು ಮಾಡಿಸಿ ಆಲಯದ ಬಾಗಿಲ ಹೊರಗೆ ಇಡಿಸಿದನು. ಜನರು ಸಂತೋಷದಿಂದ ಹಣ ಹಾಕಿದರು. ಪೆಟ್ಟಿಗೆ ತುಂಬುತ್ತಲೇ ಇತ್ತು. ಬಡಗಿಗಳೂ ಕಲ್ಲುಕುಟಿಗರೂ ಕಮ್ಮಾರರೂ ಕೆಲಸಕ್ಕೆ ಬಂದರು. ನಮ್ಮ ದೇವಾಲಯಗಳ ಮಾಡು ಸೋರುವಾಗ ಚಂದಾ ಎತ್ತುವ ಹಿರಿಯರು ಈ ಭಾಗವನ್ನು ಓದಿ ನಿಟ್ಟುಸಿರು ಬಿಡುವದು ಸಹಜ.

ಹೀಗಿರಲು ಯೆಹೋಯಾದನು 130 ವರುಷದವನಾಗಿ ತೀರಿಹೋದನು. ಅವನನ್ನು ಅರಸರ ಗೋರಿಗಳಲ್ಲಿಯೇ ಹೂಣಿಟ್ಟರು. ಆಗ ಯೆಹೂದದ ಪ್ರಮುಖರು ಬಂದು ಅರಸನಿಗೆ ಅಡ್ಡಬಿದ್ದರು. ಅರಸನು ಅವರ ಮಾತಿಗೆ ಕಿವಿಗೊಟ್ಟನು. ಈ ಸಂಗತಿಯನ್ನು ಹೇಳುವದಕ್ಕೆ ವೃತ್ತಾಂತಕಾರನಿಗೆ ಒಂದೇ ವಚನ ಸಾಕಾಯಿತು. ಅವರು ಕತ್ತಿ ಹಿರಿದು ಬರಲಿಲ್ಲ, ಹೆದರಿಸಲಿಲ್ಲ, ಅಡ್ಡಬಿದ್ದರು, ಅಷ್ಟೇ. ಆಲಯವು ಬಿಡಲ್ಪಟ್ಟಿತು, ವಿಗ್ರಹಗಳು ಬಂದವು. ಎಚ್ಚರಿಸಲು ಬಂದ ಪ್ರವಾದಿಗಳನ್ನು ಯಾರೂ ಲಕ್ಷಿಸಲಿಲ್ಲ. ಕಟ್ಟಕಡೆಗೆ ಯೆಹೋಯಾದನ ಮಗನಾದ ಜೆಕರ್ಯನು ಎದ್ದು ನಿಂತು ಮಾತಾಡಿದಾಗ, ಅರಸನ ಅಪ್ಪಣೆಯ ಮೇರೆಗೆ ಅವನನ್ನು ಆಲಯದ ಅಂಗಳದಲ್ಲಿಯೇ ಕಲ್ಲೆಸೆದು ಕೊಂದರು. ತನ್ನನ್ನು ಮಡಿಲಲ್ಲಿ ಬಚ್ಚಿಟ್ಟು ಕಾಪಾಡಿದ ಮನೆಯ ಮಗನನ್ನು, ತಾನೇ ದುರಸ್ತಿ ಮಾಡಿಸಿದ ಆಲಯದ ಅಂಗಳದಲ್ಲಿ! ಒಂದು ವರುಷ ಕಳೆಯುವದರೊಳಗೆ ಅರಾಮ್ಯರ ಸಣ್ಣ ದಂಡು ಬಂದು ಅವನ ದೊಡ್ಡ ಸೈನ್ಯವನ್ನು ಮುರಿಯಿತು. ಅವನ ಸೇವಕರೇ ಅವನನ್ನು ಹಾಸಿಗೆಯಲ್ಲಿ ಕೊಂದರು. ಯಾಜಕನಿಗೆ ದೊರೆತ ಅರಸರ ಗೋರಿಯು ಅರಸನಿಗೆ ದೊರೆಯಲಿಲ್ಲ.

ಲೋಪವು ಎಲ್ಲಿತ್ತು? ಯೆಹೋಯಾದನು ಬದುಕಿದ್ದ ದಿನಗಳಲ್ಲೆಲ್ಲಾ ಯೋವಾಷನು ಒಳ್ಳೆಯದನ್ನು ಮಾಡಿದನೆಂದು ಅಧ್ಯಾಯದ ಆರಂಭದಲ್ಲಿಯೇ ಹೇಳಿದೆ. ಲೋಪವೆಲ್ಲಾ ಆ ಗಡುವಿನಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಮದುವೆಯ ದಿನ ನೆರೆಮನೆಯಿಂದ ಸರವನ್ನೋ ಬಳೆಯನ್ನೋ ಎರವಲು ತಂದು ತೊಡುವದುಂಟು. ಚಪ್ಪರದ ಕೆಳಗೆ ಅದು ಸ್ವಂತದ್ದಾಗಿಯೇ ಕಾಣುತ್ತದೆ. ಚಪ್ಪರ ಬಿಚ್ಚಿದ ಮೇಲೆ ಒಡವೆಯ ಯಜಮಾನಿಯು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಯೋವಾಷನು 7 ವರುಷ ತುಂಬಿದಂದಿನಿಂದ ಯೆಹೋಯಾದನ ನಂಬಿಕೆಯನ್ನು ತೊಟ್ಟುಕೊಂಡಿದ್ದನು. ಯೆಹೋಯಾದನು ಹೋಗುವಾಗ ಅದು ಅವನ ಸಂಗಡಲೇ ಹೋಯಿತು.

ಯೌವನಸ್ಥರೇ, ಈಗ ನಿಮ್ಮ ವಿಷಯಕ್ಕೆ ಬರುವೆನು. ಊರಿನ ಜಾತ್ರೆಯ ದಿನ ಜೊತೆಗಾರರು ನಿಮ್ಮನ್ನು, “ನೀನೇಕೆ ನಮ್ಮೊಡನೆ ಪೂಜೆಗೆ ಬರುವದಿಲ್ಲ?” ಎಂದು ಕೇಳುವದುಂಟು. “ನಮ್ಮ ಮನೆಯಲ್ಲಿ ಬಿಡುವದಿಲ್ಲ” ಎಂಬ ಉತ್ತರವನ್ನು ನಾನು ಎಷ್ಟೋ ಹುಡುಗರ ಬಾಯಿಂದ ಕೇಳಿದ್ದೇನೆ. ಅದು ಸುಳ್ಳಲ್ಲ; ತಂದೆತಾಯಿಗಳ ಮಾತಿಗೆ ಒಳಪಡುವದು ಒಳ್ಳೆಯದೇ. ಆದರೆ ನಾಳೆ ನೀವು ಓದಿಗೋ ಕೂಲಿಗೋ ಪಟ್ಟಣಕ್ಕೆ ಹೋಗುವಿರಿ. ಅಲ್ಲಿ “ನಮ್ಮ ಮನೆ” ಎಂಬುದು ಇರುವದಿಲ್ಲ. ಸಂಜೆಯ ಪ್ರಾರ್ಥನೆಗೆ ಕರೆಯುವ ತಾಯಿ ಇರುವದಿಲ್ಲ. ಆದಿತ್ಯವಾರ ಯಾರು ಬಂದಿಲ್ಲವೆಂದು ಲೆಕ್ಕವಿಡುವ ಉಪದೇಶಿಯೂ ಇರುವದಿಲ್ಲ. ಅಲ್ಲಿ ಸೇರುವ ಹೊಸ ಸ್ನೇಹಿತರು ಯೆಹೂದದ ಪ್ರಮುಖರ ಹಾಗೆ ನಿಮಗೆ ಬಹಳ ಮರ್ಯಾದೆ ತೋರಿಸುವರು. ಹಿಂಸೆಗೆ ಅಂಜಿ ನಂಬಿಕೆ ಬಿಟ್ಟವರಿಗಿಂತ ಹೊಗಳಿಕೆಗೆ ಸೋತು ಬಿಟ್ಟವರನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ.

ನಿಮ್ಮ ಹಿರಿಯರಿಗೆ ಈ ಅಪಾಯವು ಇಷ್ಟಾಗಿ ಇರಲಿಲ್ಲ, ಯಾಕಂದರೆ ಅವರಿಗೆ ಎರವಲು ಕೊಡುವವರೇ ಇರಲಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಹೊಂದಿದಾಗ ಅವರಿಗೆ 20 ವರುಷವೂ ತುಂಬಿರಲಿಲ್ಲ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಪಂಡಿತರು ಅವರಿಗೆ ಗುರುಗಳಾಗಿದ್ದರು, ನಿಜ. ಆದರೆ ಕುಲದವರನ್ನು ಬಿಟ್ಟು ಹೊರಗೆ ಬರುವ ಆ ಹೆಜ್ಜೆಯನ್ನು ಶಿಷ್ಯನ ಬದಲಾಗಿ ಗುರುವು ಇಡಲಾರನಷ್ಟೆ. ಅವರು ಬಾಸೆಲಿಗೆ ಹೋಗಿ ಕಲಿತು 1851ರಲ್ಲಿ ಬೋಧಕರಾಗಿ ಅಭಿಷೇಕ ಹೊಂದಿ ಸ್ವದೇಶಕ್ಕೆ ತಿರುಗಿ ಬಂದರು. ನಮ್ಮ ನಿಮ್ಮ ಹಳ್ಳಿಗಳಲ್ಲಿಯೂ, ಹೆಸರು ಎಲ್ಲಿಯೂ ಬರೆದಿಡಲ್ಪಡದ ಅಜ್ಜ ಅಜ್ಜಿಯರು ಬಾವಿಯ ನೀರನ್ನೂ ನೆಂಟರ ಮನೆಯ ಊಟವನ್ನೂ ಕಳೆದುಕೊಂಡು ಇದನ್ನು ಕೊಂಡುಕೊಂಡರು. ನಿಮಗೆ ಅದು ತೊಟ್ಟಿಲಲ್ಲಿ ಬಿಟ್ಟಿಯಾಗಿ ದೊರಕಿತು. ದೃಢೀಕರಣದ ದಿನ ಪ್ರಶ್ನೋತ್ತರವನ್ನು ತಪ್ಪಿಲ್ಲದೆ ಒಪ್ಪಿಸಿದಿರಿ. ಆ ಉತ್ತರಗಳಲ್ಲಿ ನಿಮ್ಮ ಸ್ವಂತದ್ದು ಎಷ್ಟು?

ಯೋಷೀಯನ ಕಥೆಯನ್ನು ಈಗ ನೋಡಿರಿ. ಯೋವಾಷನಿಗೆ ಇದ್ದದ್ದು ಒಂದೂ ಇವನಿಗೆ ಇರಲಿಲ್ಲ. ಇವನ ಅಜ್ಜನಾದ ಮನಸ್ಸೆಯು 55 ವರುಷ ಆಳಿ, ದೇವಾಲಯದ ಒಳಗೇ ವಿಗ್ರಹವನ್ನಿಟ್ಟನು. ಕಡೆಗೆ ಅವನು ಪಶ್ಚಾತ್ತಾಪಪಟ್ಟರೂ ನಾಡು ನೆಟ್ಟಗಾಗಲಿಲ್ಲ. ತಂದೆಯಾದ ಆಮೋನನು 2 ವರುಷ ದುಷ್ಟತನದಿಂದ ಆಳಿ ಸ್ವಂತ ಸೇವಕರಿಂದ ಅರಮನೆಯಲ್ಲಿಯೇ ಹತನಾದನು. 8 ವರುಷದ ಹುಡುಗನು ತಂದೆಯ ರಕ್ತ ಚೆಲ್ಲಿದ ಮನೆಯಲ್ಲಿ ಅರಸನಾದನು. ತನ್ನ ಆಳ್ವಿಕೆಯ 8ನೆಯ ವರುಷದಲ್ಲಿ, ಅಂದರೆ 16ನೆಯ ಪ್ರಾಯದಲ್ಲಿ, ಇವನು ದೇವರನ್ನು ಅರಸತೊಡಗಿದನು. ಯಾರ ದೇವರನ್ನು? ತಂದೆಯ ದೇವರುಗಳನ್ನಲ್ಲ, 300 ವರುಷಗಳಿಗಿಂತಲೂ ಹಿಂದೆ ತೀರಿಹೋಗಿದ್ದ ದಾವೀದನ ದೇವರನ್ನು.

ಮತ್ತೊಂದು ವಿಷಯವನ್ನು ಗಮನಿಸಿರಿ. ವಿಗ್ರಹಗಳನ್ನು ಒಡೆಯಿಸುವ ಕೆಲಸವು ಆರಂಭವಾದದ್ದು ಆಳ್ವಿಕೆಯ 12ನೆಯ ವರುಷದಲ್ಲಿ, ಅವನಿಗೆ 20 ವರುಷವಾದಾಗ. 16ರಿಂದ 20ರ ವರೆಗಿನ 4 ವರುಷಗಳಲ್ಲಿ ಅವನು ಏನು ಮಾಡಿದನೆಂಬದನ್ನು ವೇದವು ತಿಳಿಸುವದಿಲ್ಲ, ಹುಡುಕುತ್ತಿದ್ದನು, ಅಷ್ಟೇ. ಯೋವಾಷನ ಪೆಟ್ಟಿಗೆಯನ್ನು ಊರೆಲ್ಲಾ ನೋಡಿತು. ಯೋಷೀಯನ ಹುಡುಕಾಟವನ್ನು ದೇವರೊಬ್ಬನೇ ನೋಡಿದನು. ಮನಸ್ಸಿನಲ್ಲಿ ಪ್ರಶ್ನೆಗಳನ್ನು ಇಟ್ಟುಕೊಂಡು, ಪ್ರಾರ್ಥಿಸಿದರೆ ಕೇಳುವವನು ಇದ್ದಾನೋ ಎಂದು ಒಬ್ಬನೇ ತೊಳಲುವ ಹುಡುಗನು ದಾರಿ ತಪ್ಪಿದವನೆಂದು ನಾನು ಎಣಿಸುವದಿಲ್ಲ. ಅವನು ತನ್ನ 16ನೆಯ ವರುಷದಲ್ಲಿದ್ದಾನೆ.

ಯೋಷೀಯನು ಹೀಗೆ ಹುಡುಕುವಾಗ ಅವನ ಕೈಯಲ್ಲಿ ಧರ್ಮಶಾಸ್ತ್ರದ ಪುಸ್ತಕವು ಇರಲಿಲ್ಲವೆಂದು ತೋರುತ್ತದೆ. ಅದು ಸಿಕ್ಕಿದ್ದು 18ನೆಯ ವರುಷದಲ್ಲಿ, ಯಾಜಕನಾದ ಹಿಲ್ಕೀಯನಿಗೆ, ಆಲಯದಲ್ಲಿ. ಲೇಖಕನು ಅದನ್ನು ಓದಿ ಹೇಳಿದಾಗ 26 ವರುಷದ ಅರಸನು ಬಟ್ಟೆಗಳನ್ನು ಹರಿದುಕೊಂಡನು. ಇದು ಹಿಂದಿನವರಿಗೆ ಬರೆದದ್ದೆಂದು ತಳ್ಳಿಹಾಕದೆ, ತನಗೂ ತನ್ನ ಜನರಿಗೂ ಆಡಿದ ಮಾತೆಂದು ತಿಳಿದು, ಪ್ರವಾದಿನಿಯಾದ ಹುಲ್ದಳ ಬಳಿಗೆ ವಿಚಾರಿಸಲು ಕಳುಹಿಸಿದನು. ನಿಮ್ಮ ಮನೆಯ ಗೂಡಿನಲ್ಲಿ ಆ ಪುಸ್ತಕವಿದೆ, ಅದೂ ಕನ್ನಡದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಅಲ್ಲಿ ಭಾಷಾಂತರಕ್ಕೆ ಕೈಹಾಕಿದರು. 1830ರ ದಶಕದ ಆದಿಯಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿ ಮುಗಿಯಿತು. ಎರಡು ದಶಕಗಳ ದುಡಿಮೆಯಿಂದ ದೊರೆತ ಪುಸ್ತಕವು ಧೂಳು ಹಿಡಿದು ಕುಳಿತಿದ್ದರೆ, ಅದನ್ನು ಹುಡುಕಿ ತೆಗೆಯುವದಕ್ಕೆ ಹಿಲ್ಕೀಯನು ಬರಬೇಕಾಗಿಲ್ಲ.

ದಿನಕ್ಕೆ ಒಂದು ಸಾರಿಯಾದರೂ ಒಬ್ಬರೇ ಇದ್ದು, ಕಲಿತ ಪ್ರಾರ್ಥನೆಯನ್ನು ಬಿಟ್ಟು ಸ್ವಂತ ಮಾತಿನಲ್ಲಿ ಪ್ರಾರ್ಥಿಸಿರಿ. ಹೊಲದ ಬದುವಿನಲ್ಲಾದರೂ ಆದೀತು. ಯಾವ ವಚನವು ನಿಮಗೆ ಒಪ್ಪಿಗೆಯಾಗುವದಿಲ್ಲವೋ ಅದನ್ನು ಗುರುತು ಮಾಡಿಟ್ಟುಕೊಂಡು ನಿಮ್ಮ ಬೋಧಕರ ಹತ್ತಿರ ನಾಚಿಕೆಪಡದೆ ಕೇಳಿರಿ. ದೇವರಲ್ಲಿ ಭರವಸೆಯಿಟ್ಟವನಿಗೆ ಕಷ್ಟ ಬರುವದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಯೋಷೀಯನು 39ನೆಯ ವರುಷದಲ್ಲಿ ಮೆಗಿದ್ದೋ ಬಯಲಿನಲ್ಲಿ ಬಾಣ ತಗಲಿ ಸತ್ತನು. ಹೋಗಬಾರದ ಯುದ್ಧಕ್ಕೆ ಹೋದನೆಂದು 35ನೆಯ ಅಧ್ಯಾಯವು ಮರೆಮಾಡದೆ ಹೇಳುತ್ತದೆ. ಇದು ಕಠಿಣವಾದ ಸಂಗತಿ. ಒಂದು ಪಾಠದಲ್ಲಿ ತೀರತಕ್ಕದ್ದಲ್ಲ. ಆದರೂ ಅವನು ನಂಬಿದ್ದು ತನ್ನ ನಂಬಿಕೆಯಾಗಿತ್ತು, ಬಿದ್ದದ್ದು ತನ್ನ ತಪ್ಪಿನಿಂದಾಗಿತ್ತು. ದೇವರನ್ನು ಬಿಟ್ಟು ಬೀಳಲಿಲ್ಲ.

ತಂದೆತಾಯಿಗಳೇ, ನಿಮಗೂ ಒಂದು ಮಾತು. ವೇದವು ಯೆಹೋಯಾದನ ಮೇಲೆ ತಪ್ಪು ಹೊರಿಸುವದಿಲ್ಲ. ನಾನು ಹೊರಿಸಲು ಯಾರು? ಆದರೂ ಈ ಕಥೆಯನ್ನು ಓದುವಾಗಲೆಲ್ಲಾ ಒಂದು ಪ್ರಶ್ನೆಯು ಮನಸ್ಸಿಗೆ ಬರುತ್ತದೆ. ಇಷ್ಟೆಲ್ಲಾ ಮಾಡಿಕೊಟ್ಟ ಮುದುಕನು ಆ ಹುಡುಗನನ್ನು ಎಂದಾದರೂ ಒಬ್ಬನನ್ನೇ ದೇವರ ಮುಂದೆ ಬಿಟ್ಟು ಬಂದಿದ್ದನೇ? ನೀವು ಮಗನಿಗೆ ಹೆಣ್ಣು ನೋಡಬಹುದು, ಹೊಲ ಬಿಡಬಹುದು; ಅವನ ಬದಲಾಗಿ ನಂಬುವದಕ್ಕಾಗದು. ಅವನು ಪ್ರಶ್ನೆ ಕೇಳಿದಾಗ “ಬಾಯಿ ಮುಚ್ಚು” ಅನ್ನಬೇಡಿರಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ ಅವನ ಸಂಗಡ ಮೊಣಕಾಲೂರಿರಿ.

ಯೋಷೀಯನ ಆಳ್ವಿಕೆಯ 13ನೆಯ ವರುಷದಲ್ಲಿ, ಯೆರೂಸಲೇಮಿಗೆ ಹತ್ತಿರದ ಅನಾತೋತ್ ಎಂಬ ಹಳ್ಳಿಯಲ್ಲಿ, ಯಾಜಕರ ಮನೆಯ ಒಬ್ಬ ಹುಡುಗನಿಗೆ ಕರ್ತನ ಕರೆ ಬಂದಿತು. ತಾನು ಚಿಕ್ಕವನು, ಮಾತಾಡಲರಿಯೆನು ಎಂದು ಅವನು ಹಿಂಜರಿದನು. ಕರ್ತನು ಅವನ ಪ್ರಾಯವನ್ನು ಹೆಚ್ಚಿಸಲಿಲ್ಲ; ಸಂಗಡ ಇರುವೆನೆಂದು ಮಾತ್ರ ಹೇಳಿ ಕಳುಹಿಸಿದನು. ಅವನ ಹೆಸರು ಯೆರೆಮೀಯ. ಮುಂದಿನ ತಿಂಗಳ ಪಾಠಕ್ಕೆ ಅವನ ಪುಸ್ತಕದ ಮೊದಲನೆಯ ಅಧ್ಯಾಯವನ್ನು ಓದಿಕೊಂಡು ಬನ್ನಿರಿ.