ಹಳದಿ ಪಟ್ಟಿಯ ಕಣಜ ಯಾವುದು?

ಪ್ರಶ್ನೆ: ಬೈಲಹೊಂಗಲ ಬಳಿಯ ನಮ್ಮ ತೋಟದ ಮನೆಯ ಗೋಡೆ ಬಿರುಕಿನಲ್ಲಿ ಹಳದಿ ಪಟ್ಟಿಯ ದೊಡ್ಡ ಕಣಜಗಳು ಸೇರಿವೆ. ಮಗ ‘ಯೆಲ್ಲೋಜಾಕೆಟ್’ ಅನ್ನುತ್ತಾನೆ. ಸುಡಬಹುದೇ?

ಉತ್ತರ: ಯೆಲ್ಲೋಜಾಕೆಟ್ ನಮ್ಮ ಸೀಮೆಯದಲ್ಲ, ಭಾರತದಲ್ಲಿ ಅದು ಹಿಮಾಲಯದ ಕಡೆಯ ಹುಳು. ಸತ್ತುಬಿದ್ದ ಒಂದನ್ನು ಚಿಮಟದಲ್ಲಿ ಹಿಡಿದು ಹೊಟ್ಟೆ ನೋಡಿ. ಸೊಂಟದಾಚೆಯ ಮೊದಲೆರಡು ಉಂಗುರಗಳೂ ಹಳದಿಯಾಗಿದ್ದರೆ ವೆಸ್ಪಾ ಅಫಿನಿಸ್. ಎರಡನೆಯದು ಮಾತ್ರ ಹಳದಿಯಾಗಿದ್ದರೆ ವೆಸ್ಪಾ ಟ್ರೋಪಿಕಾ. ಬಿರುಕು, ಪೊಟರೆ ಹಿಡಿಯುವುದು ಹೆಚ್ಚಾಗಿ ಟ್ರೋಪಿಕಾ. ನಿಮ್ಮದೂ ಅದೇ ಇರಬೇಕು.

ಯಾವುದಿದ್ದರೂ ಸುಡಬೇಡಿ. ಬಿರುಕಿಗೆ ಸಿಮೆಂಟನ್ನೂ ಮೆತ್ತಬೇಡಿ. ಒಳಗಿನವು ದಾರಿ ಹುಡುಕುತ್ತ ಮನೆಯೊಳಕ್ಕೇ ಬಂದಾವು. ಮಕ್ಕಳನ್ನೂ ದನಗಳನ್ನೂ ದೂರವಿಟ್ಟು, ಕೀಟ ನಿಯಂತ್ರಣದವರನ್ನು ಕರೆಸಿ. ಕಚ್ಚಿದ ಮೇಲೆ ಉಸಿರು ಕಟ್ಟಿದರೆ, ಮುಖ ಊದಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಹಲವು ಕಣಜ ಕಚ್ಚಿದ್ದರೆ ಆರಾಮಿದ್ದರೂ ಆಸ್ಪತ್ರೆಗೆ ಹೋಗಿ. ಮೂತ್ರಪಿಂಡದ ತೊಂದರೆ ಒಂದೆರಡು ದಿನ ಬಿಟ್ಟೂ ಕಾಣಿಸಬಹುದು.