ಉತ್ಸವವೂ ಭೂಶುದ್ಧಿಯೂ

ಜಗತ್ತು ಸತ್ಯವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಆದುದರಿಂದ ಜಗತ್ತಿಗೆ ನಾವು ಬಗೆಯುವ ಕೇಡೂ ಸತ್ಯವೇ, ಮಿಥ್ಯೆಯೆಂದು ತಳ್ಳಿಹಾಕುವಂತಿಲ್ಲ.

ಆರಾಧನೆಯ ಅನ್ನಸಂತರ್ಪಣೆಯನ್ನೇ ನೋಡೋಣ. ಪ್ಲಾಸ್ಟಿಕ್ ತಟ್ಟೆ-ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಬದಲಿಗೆ ಬಂದ ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಲೇಪವುಂಟು. ಅದು ಮಣ್ಣಿನಲ್ಲಿ ಕರಗದು. ಎಂಜಲಿನೊಡನೆ ಗೋವು ನುಂಗಿದ ಪ್ಲಾಸ್ಟಿಕ್ಕು ಜಠರದಲ್ಲಿ ಉಳಿದು ಪ್ರಾಣಕ್ಕೆ ಎರವಾಗಬಹುದು. ಗೋಗ್ರಾಸವೀಯುವ ಕೈ ಅದಕ್ಕೆ ಕಾರಣವಾಗಬಾರದು.

ಬಾಳೆಲೆ, ಮುತ್ತುಗದೆಲೆ, ತೊಳೆದು ಬಳಸುವ ಲೋಹದ ಲೋಟಗಳೇ ಸಾಕು. ನಿರ್ಮಾಲ್ಯಕ್ಕೂ ಎಂಜಲೆಲೆಗೂ ಬೇರೆ ಬೇರೆ ಗುಂಡಿಗಳಿರಲಿ: ಮೊದಲನೆಯದರ ಗೊಬ್ಬರ ತುಳಸೀವನಕ್ಕೆ, ಎರಡನೆಯದರದು ಬಾಳೆತೋಟಕ್ಕೆ. ಕಾರ್ಯಾಲಯದಲ್ಲಿ ಒಂದೇ ಮಗ್ಗುಲು ಅಚ್ಚಾದ ಹಾಳೆಗಳ ಹಿಂಬದಿಯಲ್ಲಿ ಸೇವಾಪಟ್ಟಿ ಬರೆಯಬಹುದು.

ಶ್ರೀಹರಿಗೆ ಅರ್ಪಿಸುವ ಕರ್ಮದ ಶೇಷವೂ ಶುದ್ಧವಾಗಿರಲಿ. ಶ್ರೀಕೃಷ್ಣಾರ್ಪಣಮಸ್ತು.