ಕೋಳಿಯ ಯಕೃತ್ತಿನಲ್ಲಿ ಕೊಬ್ಬು

ತುಪ್ಪವನ್ನು ಮುಟ್ಟದವನ ಯಕೃತ್ತಿನಲ್ಲಿ ಕೊಬ್ಬು ಸೇರಿದ್ದು ಹೇಗೆ? ದಾದರಿನಿಂದ ಡೊಂಬಿವಲಿಯವರೆಗೆ ವೈದ್ಯರ ಮುಂದೆ ಅನೇಕರು ಇಂದು ಕೇಳುವ ಪ್ರಶ್ನೆಯಿದು. ಉತ್ತರದ ಬಹುಭಾಗವನ್ನು ಮೊಟ್ಟೆಯಿಡುವ ಕೋಳಿಯಿಂದ ಕಲಿಯಬಹುದು.

ನಿಲ್ದಾಣದ ಹೊರಗೆ ಆಮ್ಲೆಟ್-ಪಾವ್ ತಿಂದು ಗಾಡಿ ಹಿಡಿಯುವವರು, ಮೊಟ್ಟೆಯ ಹಳದಿ ಅಂಡಾಶಯದಲ್ಲೇ ತಯಾರಾಗುವುದೆಂದು ಭಾವಿಸಿರುತ್ತಾರೆ. ಅಂಡಾಶಯವು ಅದನ್ನು ತುಂಬಿಕೊಳ್ಳುತ್ತದೆ, ಅಷ್ಟೆ. ಅದರ ಕೊಬ್ಬು ಸಿದ್ಧವಾಗುವುದು ಯಕೃತ್ತಿನಲ್ಲಿ. ಒಂದು ಮೊಟ್ಟೆಯಲ್ಲಿ ಸುಮಾರು 5 ಗ್ರಾಂ ಕೊಬ್ಬು. ವರ್ಷಕ್ಕೆ 300 ಮೊಟ್ಟೆಯಿಡುವ ಕೋಳಿಯು ಒಂದೂವರೆ ಕಿಲೋಗ್ರಾಂ, ಅಂದರೆ ಹೆಚ್ಚುಕಡಿಮೆ ತನ್ನ ಮೈತೂಕಕ್ಕೆ ಸಮನಾದ ಕೊಬ್ಬನ್ನು ಹೊರಗೆ ಕಳುಹಿಸುತ್ತದೆ! ತಿನ್ನುವುದೋ ಬಹುಪಾಲು ಮೆಕ್ಕೆಜೋಳ. ಅದರಲ್ಲಿ ಎಣ್ಣೆ ಅಲ್ಪ. ಜೋಳದ ಪಿಷ್ಟವು ಸಕ್ಕರೆಯಾಗಿ, ಆ ಸಕ್ಕರೆ ಯಕೃತ್ತಿನಲ್ಲಿ ಕೊಬ್ಬಾಗಿ ಮಾರ್ಪಡುತ್ತದೆ. ಮೊಟ್ಟೆಯಿಡುವ ಕಾಲದಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಈ ತಯಾರಿಕೆಯನ್ನು ಬಹಳ ಚುರುಕುಗೊಳಿಸುತ್ತದೆ.

ತಯಾರಾದದ್ದು ಸಾಗಬೇಕಷ್ಟೆ. ಕೊಬ್ಬು ನೀರಿನಲ್ಲಿ ಕರಗದು. ರಕ್ತದಲ್ಲಿ ಹರಿಯಲು ಅದಕ್ಕೆ ಪ್ರೋಟೀನು ಮತ್ತು ಲೆಸಿಥಿನ್‌ಗಳ ಹೊದಿಕೆ ಬೇಕು. ಲೆಸಿಥಿನ್ನಿಗೆ ಕೋಲೀನ್ ಬೇಕು. ಅದು ಸಾಲದಾದಾಗ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ನೆರವಾಗಬೇಕು. ಇವು ಇಲ್ಲದಿದ್ದರೆ ಸರಕು ಸಿದ್ಧವಿದ್ದೂ ಚೀಲವಿಲ್ಲದೆ ಉಗ್ರಾಣದಲ್ಲೇ ಉಳಿದಂತೆ. ಕೋಲೀನಿನ ಈ ಮಹತ್ವವನ್ನು 1930ರ ದಶಕದಲ್ಲಿ ಟೊರಾಂಟೊ ನಗರದಲ್ಲಿ ತೋರಿಸಿಕೊಟ್ಟವರು ಇನ್ಸುಲಿನ್ ಖ್ಯಾತಿಯ ಚಾರ್ಲ್ಸ್ ಬೆಸ್ಟ್ ಮತ್ತು ಅವರ ಸಂಗಡಿಗರು. ಕೊಂಕಣದ ಮಳೆಗಾಲದಲ್ಲಿ ಇನ್ನೊಂದು ಅಪಾಯವುಂಟು: ಬೂಷ್ಟು ಹಿಡಿದ ಜೋಳ, ಶೇಂಗಾ ಹಿಂಡಿಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಹೊದಿಕೆಗೆ ಬೇಕಾದ ಪ್ರೋಟೀನಿನ ತಯಾರಿಕೆಯನ್ನೇ ಕುಗ್ಗಿಸುತ್ತದೆ.

ಆದರೂ ಕೋಳಿಮನೆಗಳಲ್ಲಿ ಮುಖ್ಯ ಕಾರಣ ಕೊರತೆಯಲ್ಲ, ಅತಿಶಯ. ತಂತಿಗೂಡಿನಲ್ಲಿ ಓಡಾಟವಿಲ್ಲ, ಸೆಕೆಯಲ್ಲಿ ಮೈ ಬೆಚ್ಚಗಿರಿಸುವ ಖರ್ಚಿಲ್ಲ, ಮೇವಿಗೆ ಮಿತಿಯಿಲ್ಲ. ಜಮೆ ಹೆಚ್ಚಿ ಖರ್ಚು ತಗ್ಗಿದರೆ ಶಿಲ್ಕು ಬೆಳೆಯುತ್ತದೆ. ಯಕೃತ್ತು ಉಬ್ಬಿ, ಹಳದಿಗಟ್ಟಿ, ಮುಟ್ಟಿದರೆ ಹರಿಯುವಷ್ಟು ಮೆತ್ತಗಾಗುತ್ತದೆ. ಮೊಟ್ಟೆಯಿಡಲು ತಿಣುಕುವಾಗ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ನಿನ್ನೆಯವರೆಗೆ ಮೊಟ್ಟೆಯಿಟ್ಟ ದಷ್ಟಪುಷ್ಟ ಕೋಳಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಜುಟ್ಟು ಬಿಳಿಚಿರುತ್ತದೆ. ಹೊರಗಿನಿಂದ ತಿಳಿಯುವುದು ಇಷ್ಟೇ. ಅಂಥದ್ದನ್ನು ಎಸೆಯದೆ ಪಶುವೈದ್ಯರಿಂದ ಕೊಯ್ಸಿ ನೋಡಿಸಬೇಕು.

ವಿಚಿತ್ರವೆಂದರೆ, ಒಟ್ಟು ಶಕ್ತಿ ಹೆಚ್ಚಾಗದಂತೆ ನೋಡಿಕೊಂಡು ಜೋಳದ ಒಂದಂಶಕ್ಕೆ ಬದಲಾಗಿ ಎಣ್ಣೆ ಕೊಟ್ಟರೆ ಯಕೃತ್ತಿನ ಕೊಬ್ಬು ಇಳಿಯುತ್ತದೆ. ಸಿದ್ಧ ಕೊಬ್ಬು ದೊರೆತಾಗ ಯಕೃತ್ತು ತಾನೇ ತಯಾರಿಸುವುದನ್ನು ತಗ್ಗಿಸುತ್ತದೆ.

ಮನುಷ್ಯನ ಯಕೃತ್ತಿಗೂ ಸಕ್ಕರೆಯನ್ನು ಕೊಬ್ಬಾಗಿಸುವ ವಿದ್ಯೆ ಗೊತ್ತು. ದಿನಕ್ಕೆ ನಾಲ್ಕೈದು ಲೋಟ ಸಿಹಿ ಚಹಾ, ಎರಡು ಹೊತ್ತು ತುಂಬು ಅನ್ನ, ಉಳಿದಂತೆ ಕುರ್ಚಿ. ತುಪ್ಪ ಬಿಟ್ಟರೂ ಲೆಕ್ಕ ಬದಲಾಗದು. ಮೊಟ್ಟೆಯಿಟ್ಟು ಹಗುರಾಗುವ ದಾರಿಯಂತೂ ಅವನಿಗಿಲ್ಲ. ಮೈಭಾರ ಹೆಚ್ಚಿದವರು ತೂಕವನ್ನು ನೂರಕ್ಕೆ 7ರಿಂದ 10ರಷ್ಟು ಇಳಿಸಿಕೊಂಡರೆ ಯಕೃತ್ತಿನ ಕೊಬ್ಬೂ ಉರಿಯೂತವೂ ಬಹುಮಟ್ಟಿಗೆ ತಗ್ಗುತ್ತವೆ.